ನೆಲದ ಮೇಲಿಂದ ಅದಿರಿನ ಜಾಡು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಬಾರಿ ಆಯ್ದುಕೊಂಡ ಪತ್ರಗಳೆಲ್ಲ ಒಂದೇ ವಿಷಯಕ್ಕೆ ಸೇರಿದವು. ನೆಲವನ್ನು ಅಗೆಯುವ ಮೊದಲು, ಮೇಲಿನ ಕೆಲವು ಮೀಟರುಗಳಿಂದ ನೂರಿನ್ನೂರು ಮೀಟರುಗಳವರೆಗಿನ ಆಳವನ್ನು ತಿಳಿಯಲು ನಡೆಸುವ ಭೂಭೌತಿಕ ಸಮೀಕ್ಷೆಗಳನ್ನು ಖನಿಜ ಅನ್ವೇಷಣೆಯಲ್ಲಿ ಎಷ್ಟರ ಮಟ್ಟಿಗೆ ನಂಬಬಹುದು, ಎಲ್ಲಿ ನಂಬಬಾರದು ಎಂಬುದೇ ಎಲ್ಲ ಪ್ರಶ್ನೆಗಳ ತಿರುಳು.

ಪ್ರಶ್ನೆ: ನಾನು ಭೂವಿಜ್ಞಾನದ ವಿದ್ಯಾರ್ಥಿನಿ. ಇಪ್ಪತ್ತು ಮೂವತ್ತು ಮೀಟರ್ ಆಳದಲ್ಲಿ ಚಿನ್ನವಿದ್ದರೆ ಈಗಿನ ಉಪಕರಣಗಳು ಅದನ್ನು ನೇರವಾಗಿ ತೋರಿಸುತ್ತವೆ ಎಂದು ಕೆಲವರು ಹೇಳುತ್ತಾರೆ. ಇದು ನಿಜವೇ?

ಉತ್ತರ: ನಿಜವಲ್ಲ. ಒಂದು ಟನ್ ಶಿಲೆಯಲ್ಲಿ ಕೆಲವೇ ಗ್ರಾಂ ಚಿನ್ನವಿದ್ದರೂ ಅದು ಗಣಿಗಾರಿಕೆಗೆ ಯೋಗ್ಯವಾದ ಅದಿರು ಎನಿಸಿಕೊಳ್ಳುತ್ತದೆ. ಹತ್ತು ಲಕ್ಷದಲ್ಲಿ ಮೂರು ನಾಲ್ಕು ಪಾಲಿನಷ್ಟಿರುವ ಈ ಲೋಹದಿಂದ ಶಿಲೆಯ ಸಾಂದ್ರತೆಯಾಗಲಿ, ಅದರೊಳಗೆ ವಿದ್ಯುತ್ ಹರಿಯುವ ರೀತಿಯಾಗಲಿ ಅಳತೆಗೆ ಸಿಗುವಷ್ಟು ಬದಲಾಗುವುದಿಲ್ಲ. ಉಪಕರಣಕ್ಕೆ ಅದಿರು ಎಂಬುದೇ ಗೊತ್ತಿಲ್ಲ; ಅದಕ್ಕೆ ತಿಳಿಯುವುದು ಶಿಲೆಯ ಭೌತಿಕ ಗುಣಗಳು ಮಾತ್ರ. ಸಾಂದ್ರತೆ, ಕಾಂತಗುಣ, ವಿದ್ಯುತ್ತಿನ ಹರಿವನ್ನು ತಡೆಯುವ ಗುಣವಾದ ರೋಧಶೀಲತೆ, ವಿದ್ಯುದಾವೇಶವನ್ನು ಕ್ಷಣಕಾಲ ಹಿಡಿದಿಟ್ಟುಕೊಳ್ಳುವ ಗುಣ, ಕಂಪನದ ಅಲೆಗಳು ಸಾಗುವ ವೇಗ, ಸಹಜ ವಿಕಿರಣ, ಇಷ್ಟರಲ್ಲಿ ಯಾವುದಾದರೊಂದು ಗುಣದಲ್ಲಿ ಅದಿರಿಗೂ ಅದರ ಸುತ್ತಲಿನ ಶಿಲೆಗೂ ಸಾಕಷ್ಟು ವ್ಯತ್ಯಾಸವಿದ್ದರೆ ಮಾತ್ರ ಸಮೀಕ್ಷೆಗೆ ಅರ್ಥವಿದೆ. ವ್ಯತ್ಯಾಸವಿಲ್ಲದಿದ್ದರೆ ಎಷ್ಟೇ ಸೂಕ್ಷ್ಮವಾದ ಉಪಕರಣವನ್ನು ತಂದರೂ ಅದು ಬರಿಯ ನೆಲವನ್ನೇ ಅಳೆಯುತ್ತದೆ.

ಹಾಗಾದರೆ ಚಿನ್ನದ ಅನ್ವೇಷಣೆಯಲ್ಲಿ ಭೂಭೌತಿಕ ವಿಧಾನಗಳನ್ನು ಬಳಸುವುದೇಕೆ ಎಂದು ನೀವು ಕೇಳಬಹುದು. ಚಿನ್ನ ಒಂಟಿಯಾಗಿ ಬರುವುದು ವಿರಳ, ಅದರ ಸಂಗಾತಿಗಳನ್ನು ಅಳೆಯಲು ಸಾಧ್ಯ. ಬಿಸಿನೀರಿನ ದ್ರಾವಣಗಳು ಬಿರುಕುಗಳ ಮೂಲಕ ಹರಿದು ಚಿನ್ನವನ್ನು ಬಿಟ್ಟುಹೋಗುವಾಗ ಪೈರೈಟ್, ಆರ್ಸೆನೋಪೈರೈಟ್ ಮೊದಲಾದ ಸಲ್ಫೈಡ್ (ಗಂಧಕ ಸೇರಿದ) ಖನಿಜಗಳನ್ನೂ ಬಿಟ್ಟುಹೋಗುತ್ತವೆ. ಅನೇಕ ಕಡೆ ಸುತ್ತಲಿನ ಶಿಲೆಯಲ್ಲಿದ್ದ ಮ್ಯಾಗ್ನೆಟೈಟ್ ಎಂಬ ಪ್ರಬಲ ಕಾಂತೀಯ ಕಬ್ಬಿಣದ ಖನಿಜವನ್ನು ನಾಶಮಾಡುತ್ತವೆ. ಸಿಲಿಕಾ ಸೇರಿಸಿ ಶಿಲೆಯನ್ನು ಗಟ್ಟಿಗೊಳಿಸುತ್ತವೆ. ಇದರಿಂದಾಗಿ ಚಿನ್ನ ಹೊತ್ತ ಶಿಯರ್ ವಲಯವು, ಎಂದರೆ ಶಿಲೆಗಳು ಒಂದರ ಪಕ್ಕ ಒಂದು ಜಾರಿ ನಜ್ಜುಗುಜ್ಜಾದ ಭಾಗವು, ಕಾಂತೀಯ ನಕ್ಷೆಯಲ್ಲಿ ತಗ್ಗಿನ ಪಟ್ಟಿಯಾಗಿಯೂ, ಸಿಲಿಕಾ ತುಂಬಿದ ಭಾಗ ರೋಧಶೀಲತೆ ಹೆಚ್ಚಿರುವ ಗೆರೆಯಾಗಿಯೂ ಕಾಣಿಸಬಹುದು. ಪಟ್ಟೆಪಟ್ಟೆಯಾದ ಕಬ್ಬಿಣದ ಶಿಲೆಗಳಲ್ಲಿ ಚಿನ್ನ ಕುಳಿತಿದ್ದರೆ ಕೆಲಸ ಇನ್ನೂ ಸುಲಭ, ಏಕೆಂದರೆ ಆ ಶಿಲೆಗಳನ್ನು ಮಣ್ಣಿನಡಿಯಲ್ಲೂ ಕಾಂತೀಯ ಅಳತೆಯಿಂದ ಮೈಲುಗಟ್ಟಲೆ ಹಿಂಬಾಲಿಸಬಹುದು.

ಯಾವ ಅದಿರಿಗೆ ಯಾವ ವಿಧಾನ ಎಂಬುದನ್ನು ಖನಿಜದ ಗುಣವೇ ಹೇಳುತ್ತದೆ. ಗ್ರಾನೈಟಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 2.65 ಗ್ರಾಂ; ಬೆರೈಟ್ ಮತ್ತು ಕ್ರೋಮೈಟ್ 4.5ರ ಆಸುಪಾಸು, ಮ್ಯಾಗ್ನೆಟೈಟ್ 5.2, ಸೀಸದ ಅದಿರಾದ ಗೆಲೀನಾ 7.5. ಇಂತಹ ಭಾರದ ಖನಿಜಗಳಿಗೆ ಗುರುತ್ವದ ಸಣ್ಣ ಏರಿಳಿತಗಳನ್ನು ಅಳೆಯುವ ಗುರುತ್ವ ಸಮೀಕ್ಷೆ ಹೊಂದುತ್ತದೆ. ತಾಮ್ರದ ಅದಿರಾದ ಚಾಲ್ಕೋಪೈರೈಟ್, ಪಿರೋಟೈಟ್, ಗೆಲೀನಾ ಇವೆಲ್ಲ ಒಳ್ಳೆಯ ವಿದ್ಯುದ್ವಾಹಕಗಳು. ಸತುವಿನ ಮುಖ್ಯ ಅದಿರಾದ ಸ್ಫಾಲರೈಟ್ ಮಾತ್ರ ಅದೇ ಸಲ್ಫೈಡ್ ಕುಟುಂಬದ್ದಾದರೂ ವಿದ್ಯುತ್ತನ್ನು ಸರಿಯಾಗಿ ಹರಿಸುವುದಿಲ್ಲ. ಬೇರೆ ಸಲ್ಫೈಡುಗಳು ಕಡಿಮೆಯಿರುವ ಸತುವಿನ ನಿಕ್ಷೇಪವೊಂದರ ಮೇಲೆ ವಾಹಕಗಳನ್ನು ಹುಡುಕುವ ವಿದ್ಯುತ್ಕಾಂತೀಯ ಸಮೀಕ್ಷೆ ನಡೆಸಿ ಏನೂ ಸಿಗಲಿಲ್ಲವೆಂದು ಹಿಂದಿರುಗಿದರೆ ತಪ್ಪು ವಿಧಾನವನ್ನು ಆರಿಸಿದವರದ್ದು, ಉಪಕರಣದ್ದಲ್ಲ.

ವಿದ್ಯಾರ್ಥಿನಿಯಾದ ನಿಮಗೆ ನಾನು ಒತ್ತಿ ಹೇಳಬಯಸುವುದು ಇದನ್ನು: ಸಮೀಕ್ಷೆಗೆ ಹೊರಡುವ ಮೊದಲು ಆ ಪ್ರದೇಶದ ಶಿಲೆಗಳ ಮಾದರಿಗಳನ್ನು, ಹಳೆಯ ಕೊರೆತದಲ್ಲಿ ಹೊರತೆಗೆದ ಕೋರುಗಳೆಂಬ ಕಲ್ಲಿನ ಉರುಳೆಗಳಿದ್ದರೆ ಅವನ್ನೂ ತಂದು, ಅವುಗಳ ಸಾಂದ್ರತೆ ಮತ್ತು ಕಾಂತಗುಣವನ್ನು ಅಳೆಯಿರಿ. ಒಂದು ತಕ್ಕಡಿ, ಒಂದು ಬಕೆಟ್ ನೀರು, ಕೈಯಲ್ಲಿ ಹಿಡಿಯುವ ಒಂದು ಸಣ್ಣ ಮೀಟರ್ ಇದಕ್ಕೆ ಸಾಕು. ಇಷ್ಟು ಅಗ್ಗವಾದ ಕೆಲಸವನ್ನು ಬಿಟ್ಟು ದುಬಾರಿ ಸಮೀಕ್ಷೆಗೆ ಕೈಹಾಕುವುದನ್ನು ನಾನು ಒಪ್ಪಲಾರೆ.

ಪ್ರಶ್ನೆ: ಕಾಂತೀಯ ಸಮೀಕ್ಷೆಯೇ ಎಲ್ಲಕ್ಕಿಂತ ಹಳೆಯದು ಮತ್ತು ಸುಲಭವಾದದ್ದು ಎನ್ನುತ್ತಾರೆ. ನಕ್ಷೆಯಲ್ಲಿ ಮೌಲ್ಯ ಹೆಚ್ಚಿರುವ ಜಾಗದಲ್ಲಿ ಕೊರೆದರೆ ಸಾಕಲ್ಲವೇ?

ಉತ್ತರ: ಹಳೆಯದು ಎಂಬುದು ಸರಿ. ಸ್ವೀಡನ್ನಿನಲ್ಲಿ ಹದಿನೇಳನೇ ಶತಮಾನದಲ್ಲೇ ವಿಶೇಷವಾಗಿ ಮಾಡಿದ ದಿಕ್ಸೂಚಿಗಳನ್ನು ಹಿಡಿದು ಕಬ್ಬಿಣದ ಅದಿರನ್ನು ಹುಡುಕುತ್ತಿದ್ದರು. 1879ರಲ್ಲಿ ಅದೇ ದೇಶದ ರಾಬರ್ಟ್ ಥಾಲೆನ್ ಕಾಂತೀಯ ಅಳತೆಯಿಂದ ಕಬ್ಬಿಣದ ನಿಕ್ಷೇಪಗಳನ್ನು ಪರೀಕ್ಷಿಸುವ ಕ್ರಮವನ್ನು ಗ್ರಂಥರೂಪದಲ್ಲಿ ಪ್ರಕಟಿಸಿದರು. ಕಡಿಮೆ ಖರ್ಚಿನಲ್ಲಿ, ಕಡಿಮೆ ಕಾಲದಲ್ಲಿ ಹೆಚ್ಚು ನೆಲವನ್ನು ಇದರಿಂದ ಅಳೆಯಬಹುದಾದ್ದರಿಂದ ಇಂದಿಗೂ ಬಹುಪಾಲು ಅನ್ವೇಷಣೆಗಳು ಇದರಿಂದಲೇ ಆರಂಭವಾಗುತ್ತವೆ. ಆದರೆ ಸುಲಭ ಎಂಬ ಮಾತಿಗೆ ನನ್ನ ತಕರಾರಿದೆ.

ಭೂಮಿಯ ಕಾಂತಕ್ಷೇತ್ರದ ಬಲ ಸ್ಥಳಕ್ಕೆ ತಕ್ಕಂತೆ ಸುಮಾರು 25,000ದಿಂದ 65,000 ನ್ಯಾನೋಟೆಸ್ಲಾಗಳಷ್ಟಿರುತ್ತದೆ. ನಾವು ಹುಡುಕುವ ವೈಪರೀತ್ಯ, ಎಂದರೆ ಕ್ಷೇತ್ರದಲ್ಲಿ ಕೆಲಸ ಮಾಡುವವರು ಅನಾಮಲಿ ಎನ್ನುವ ಏರಿಳಿತ, ಅದರಲ್ಲಿ ಕೆಲವೊಮ್ಮೆ ಬರಿಯ ಇಪ್ಪತ್ತು ಮೂವತ್ತು ನ್ಯಾನೋಟೆಸ್ಲಾ. ಸೂರ್ಯನ ಪ್ರಭಾವದಿಂದ ಹಗಲಿನಲ್ಲಿ ಕ್ಷೇತ್ರವು ತಾನಾಗಿಯೇ ಹತ್ತಾರು ನ್ಯಾನೋಟೆಸ್ಲಾ ಏರಿಳಿಯುತ್ತದೆ. ಕಾಂತೀಯ ಬಿರುಗಾಳಿ ಎದ್ದ ದಿನ ಅದು ನೂರಾರಕ್ಕೆ ಹೋಗಿ ಕೆಲಸವನ್ನೇ ನಿಲ್ಲಿಸಬೇಕಾಗುತ್ತದೆ. ಆದ್ದರಿಂದ ಒಂದು ಮ್ಯಾಗ್ನೆಟೋಮೀಟರನ್ನು ಬೇಸ್ ಸ್ಟೇಷನ್ನಿನಲ್ಲಿ ಕದಲದಂತೆ ನಿಲ್ಲಿಸಿ, ಕೆಲವು ಸೆಕೆಂಡುಗಳಿಗೊಮ್ಮೆ ಕಾಲಸಮೇತ ದಾಖಲಿಸುತ್ತ, ಇನ್ನೊಂದನ್ನು ಹೊತ್ತು ಸಾಲಿನುದ್ದಕ್ಕೂ ನಡೆಯಬೇಕು. ನಡೆಯುವವರ ಜೇಬಿನಲ್ಲಿ ಬೀಗದ ಕೈ, ಮೊಬೈಲ್ ಫೋನ್ ಇರಕೂಡದು. ಸೊಂಟದ ಪಟ್ಟಿಯ ಕಬ್ಬಿಣದ ಕೊಂಡಿ, ಅಟ್ಟೆಯಲ್ಲಿ ಉಕ್ಕಿನ ತಗಡಿರುವ ಬೂಟು ಕೂಡ ಬೇಡ. ಸಂವೇದಕವನ್ನು ಕೋಲಿನ ತುದಿಯಲ್ಲಿ ತಲೆಗಿಂತ ಮೇಲೆ ಹಿಡಿಯುವುದು ನೆಲದ ಮೇಲಿನ ಚೂರುಪಾರು ಕಬ್ಬಿಣದ ಪ್ರಭಾವ ತಗ್ಗಲಿ ಎಂದೇ. ತಂತಿಬೇಲಿ, ವಿದ್ಯುತ್ ಕಂಬ, ನಿಂತ ವಾಹನ ಕಂಡಲ್ಲೆಲ್ಲ ಅದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳಬೇಕು, ಏಕೆಂದರೆ ಆರು ತಿಂಗಳ ನಂತರ ನಕ್ಷೆ ನೋಡುವವರಿಗೆ ಆ ಕಂಬವೂ ಅದಿರಿನಂತೆಯೇ ಕಾಣುತ್ತದೆ.

ಇನ್ನು ನಿಮ್ಮ ಪ್ರಶ್ನೆಯ ಮುಖ್ಯ ಭಾಗ. ಕಾಂತೀಯ ವೈಪರೀತ್ಯ ಆಕರದ ನೆತ್ತಿಯ ಮೇಲೆ ಏರಿಕೆಯಾಗಿ ಕುಳಿತಿರುತ್ತದೆ ಎಂಬ ನಂಬಿಕೆ ಭೂಮಿಯ ಧ್ರುವಗಳ ಬಳಿಯಲ್ಲಿ ಹೆಚ್ಚುಕಡಿಮೆ ನಿಜ. ಕಾಂತೀಯ ಸಮಭಾಜಕದ ಸಮೀಪ ಅದು ತಲೆಕೆಳಗಾಗುತ್ತದೆ. ಅಲ್ಲಿ ಭೂಕ್ಷೇತ್ರದ ರೇಖೆಗಳು ನೆಲಕ್ಕೆ ಸಮಾಂತರವಾಗಿರುವುದರಿಂದ, ಕ್ಷೇತ್ರದ ಪ್ರೇರಣೆಯಿಂದ ಕಾಂತಗೊಂಡ ಆಕರದ ಮೇಲೆ ತಗ್ಗು ಕಾಣಿಸಿ, ಅದರ ಉತ್ತರಕ್ಕೂ ದಕ್ಷಿಣಕ್ಕೂ ಚಿಕ್ಕ ಏರಿಕೆಗಳು ಕಾಣಿಸುತ್ತವೆ. ಏರಿಕೆಯನ್ನೇ ನಂಬಿ ಕೊರೆದವರು ಅದಿರಿನ ಪಕ್ಕದಲ್ಲಿ ಕೊರೆದಂತಾಗುತ್ತದೆ. ಅಲ್ಲಿ ಉತ್ತರ ದಕ್ಷಿಣವಾಗಿ ಉದ್ದಕ್ಕೆ ಹಬ್ಬಿದ ಕಾಂತೀಯ ಶಿಲೆಯು ತನ್ನ ಎರಡು ತುದಿಗಳನ್ನು ಬಿಟ್ಟರೆ ನಕ್ಷೆಯಲ್ಲಿ ಸುಳಿವನ್ನೇ ಕೊಡದಿರಬಹುದು. ಇದರ ಜೊತೆಗೆ ಶಿಲೆ ಹುಟ್ಟಿದ ಕಾಲದ ಕಾಂತತ್ವವನ್ನು ಹಾಗೆಯೇ ಉಳಿಸಿಕೊಂಡಿದ್ದರೆ ವೈಪರೀತ್ಯದ ಆಕಾರ ಮತ್ತಷ್ಟು ತಿರುಚಿಕೊಳ್ಳುತ್ತದೆ. ಆದ್ದರಿಂದ ಸ್ಥಳದ ಕಾಂತೀಯ ಅಕ್ಷಾಂಶವನ್ನು ಗಮನಿಸಿ ಲೆಕ್ಕ ಹಾಕದ ಯಾವ ವ್ಯಾಖ್ಯಾನವನ್ನೂ ಒಪ್ಪಿಕೊಳ್ಳಬೇಡಿ. ಕಬ್ಬಿಣದ ಅದಿರೆಲ್ಲ ಕಾಂತೀಯ ಎಂಬುದೂ ಭ್ರಮೆಯೇ: ಮ್ಯಾಗ್ನೆಟೈಟಿಗೆ ಹೋಲಿಸಿದರೆ ಹೆಮಟೈಟಿನ ಕಾಂತಗುಣ ತೀರಾ ದುರ್ಬಲ. ಉತ್ಕೃಷ್ಟ ಹೆಮಟೈಟ್ ಅದಿರನ್ನು ಅದರ ಭಾರದಿಂದ ಹುಡುಕುವುದೇ ಮೇಲು.

ಪ್ರಶ್ನೆ: ರೋಧಶೀಲತೆ ಮತ್ತು ಐ.ಪಿ. ಎಂಬ ಎರಡು ವಿಧಾನಗಳನ್ನು ಒಟ್ಟಿಗೇ ಹೇಳುತ್ತಾರೆ. ಇವೆರಡೂ ಬೇರೆಬೇರೆಯೇ? ಎರಡೂ ಬೇಕೇ?

ಉತ್ತರ: ಒಂದೇ ತಂತಿಜಾಲದಿಂದ ಒಂದೇ ಹೊತ್ತಿನಲ್ಲಿ ಎರಡನ್ನೂ ಅಳೆಯಬಹುದು, ಆದರೆ ಅವು ಹೇಳುವ ವಿಷಯ ಬೇರೆ. ಎರಡು ಎಲೆಕ್ಟ್ರೋಡುಗಳ ಮೂಲಕ ನೆಲಕ್ಕೆ ವಿದ್ಯುತ್ ಹರಿಸಿ, ಇನ್ನೆರಡರ ನಡುವಿನ ವೋಲ್ಟೇಜ್ ಅಳೆದರೆ ಸಿಗುವುದು ರೋಧಶೀಲತೆ. ವಿದ್ಯುತ್ತನ್ನು ಥಟ್ಟನೆ ನಿಲ್ಲಿಸಿದಾಗ ಆ ವೋಲ್ಟೇಜ್ ಕೂಡಲೇ ಸೊನ್ನೆಗೆ ಇಳಿಯದೆ, ಒಂದೆರಡು ಸೆಕೆಂಡುಗಳ ಕಾಲ ಸಣ್ಣಗೆ ಉಳಿದು ನಿಧಾನವಾಗಿ ಕರಗುತ್ತದೆ. ಆ ಕರಗುವಿಕೆಯ ಅಳತೆಯೇ ಇಂಡ್ಯೂಸ್ಡ್ ಪೋಲರೈಸೇಷನ್, ಚಿಕ್ಕದಾಗಿ ಐ.ಪಿ. ಶಿಲೆಯ ಸೂಕ್ಷ್ಮ ರಂಧ್ರಗಳಲ್ಲಿನ ನೀರಿನಲ್ಲಿ ಅಯಾನುಗಳ ರೂಪದಲ್ಲಿ ಹರಿಯುವ ವಿದ್ಯುತ್ತು, ದಾರಿಯಲ್ಲಿ ಲೋಹದಂತಹ ಗುಣವುಳ್ಳ ಖನಿಜದ ಕಣ ಸಿಕ್ಕಾಗ ಅದರ ಮೈಮೇಲೆ ಆವೇಶವನ್ನು ಕೂಡಿಹಾಕುತ್ತದೆ. ವಿದ್ಯುತ್ ನಿಂತೊಡನೆ ಆ ಆವೇಶ ಬಿಡುಗಡೆಯಾಗುತ್ತದೆ.

ಇದರ ಬೆಲೆ ಗೊತ್ತಾಗುವುದು ಪೋರ್ಫಿರಿ ತಾಮ್ರದಂತಹ ನಿಕ್ಷೇಪಗಳಲ್ಲಿ. ಅಲ್ಲಿ ಸಲ್ಫೈಡ್ ಕಣಗಳು ಒಂದಕ್ಕೊಂದು ತಾಗದೆ ಶಿಲೆಯ ತುಂಬ ಚೆದುರಿಕೊಂಡಿರುತ್ತವೆ. ಒಂದಕ್ಕೊಂದು ತಾಗದ ಕಣಗಳಿಂದ ವಿದ್ಯುತ್ತಿಗೆ ದಾರಿ ಸಿಗದ ಕಾರಣ ರೋಧಶೀಲತೆಯ ನಕ್ಷೆಯಲ್ಲಿ ಅವು ಕಾಣದೇ ಹೋಗಬಹುದು. ಆದರೆ ಪ್ರತಿಯೊಂದು ಕಣದ ಮೈಯೂ ಆವೇಶವನ್ನು ಹಿಡಿಯುವುದರಿಂದ, ಶಿಲೆಯಲ್ಲಿ ಸೇಕಡ ಒಂದೆರಡರಷ್ಟು ಸಲ್ಫೈಡ್ ಇದ್ದರೂ ಐ.ಪಿ.ಯಲ್ಲಿ ಅದು ಸ್ಪಷ್ಟವಾಗಿ ಎದ್ದು ಕಾಣುತ್ತದೆ. ಹಾಗೆಂದು ಪೈರೈಟಿಗೂ ಚಾಲ್ಕೋಪೈರೈಟಿಗೂ ಇರುವ ಭೇದವನ್ನು ಅದು ಹೇಳದು. ಬೆಲೆಯಿಲ್ಲದ ಪೈರೈಟೇ ತಾಮ್ರದ ಸುತ್ತ ದಟ್ಟವಾದ ಉಂಗುರವಾಗಿ ಕುಳಿತಿರುವುದರಿಂದ, ಐ.ಪಿ. ಅತಿ ಹೆಚ್ಚಿರುವ ಜಾಗದಲ್ಲೇ ತಾಮ್ರ ಅತಿ ಹೆಚ್ಚಿರುತ್ತದೆ ಎಂದು ತಿಳಿಯಬಾರದು. ಗ್ರ್ಯಾಫೈಟ್ ಇನ್ನೊಂದು ದೊಡ್ಡ ಮೋಸಗಾರ. ಗ್ರ್ಯಾಫೈಟ್ ಬೆರೆತ ಶಿಲೆ ರೋಧಶೀಲತೆ, ಐ.ಪಿ., ವಿದ್ಯುತ್ಕಾಂತೀಯ ಎಂಬ ಮೂರೂ ಅಳತೆಗಳಲ್ಲಿ ಸಲ್ಫೈಡ್ ಅದಿರಿನ ವೇಷ ಹಾಕುತ್ತದೆ. ಅಲ್ಲಿ ಗುರುತ್ವ ಅಳತೆ ನೆರವಿಗೆ ಬರುತ್ತದೆ, ಏಕೆಂದರೆ ಗ್ರ್ಯಾಫೈಟ್ ಹಗುರ, ಸಲ್ಫೈಡ್ ಭಾರ. ಒಂದು ವಿಧಾನದ ಅನುಮಾನವನ್ನು ಬೇರೊಂದು ಗುಣವನ್ನು ಅಳೆಯುವ ವಿಧಾನದಿಂದ ಪರಿಹರಿಸುವುದು ಈ ವೃತ್ತಿಯ ಜಾಣತನ.

ಈ ವಿದ್ಯುತ್ ವಿಧಾನಗಳ ಹಿಂದೆ ದೊಡ್ಡ ಪರಂಪರೆಯೇ ಇದೆ. 1830ರಲ್ಲಿ ರಾಬರ್ಟ್ ಫಾಕ್ಸ್ ಇಂಗ್ಲೆಂಡಿನ ಕಾರ್ನ್‌ವಾಲ್ ಗಣಿಗಳ ತಾಮ್ರದ ಅದಿರು ತಾನೇ ಸಣ್ಣ ವಿದ್ಯುತ್ತನ್ನು ಹುಟ್ಟಿಸುತ್ತದೆ ಎಂದು ತೋರಿಸಿದ್ದರು. 1912ರಲ್ಲಿ ಕಾನ್ರಾಡ್ ಶ್ಲುಂಬರ್ಜೆ ಫ್ರಾನ್ಸಿನ ನಾರ್ಮಂಡಿಯಲ್ಲಿ ನೆಲಕ್ಕೆ ವಿದ್ಯುತ್ ಹರಿಸಿ ಸಮವಿಭವ ರೇಖೆಗಳ, ಎಂದರೆ ಒಂದೇ ವೋಲ್ಟೇಜ್ ಇರುವ ಬಿಂದುಗಳನ್ನು ಸೇರಿಸುವ ಗೆರೆಗಳ, ನಕ್ಷೆ ಬರೆದರು. 1924ರಲ್ಲಿ ಉತ್ತರ ಸ್ವೀಡನ್ನಿನ ಬೊಲಿಡೆನ್ ಎಂಬಲ್ಲಿ, ಹಿಮನದಿ ತಂದು ಸುರಿದ ಮಣ್ಣಿನಡಿ ಹುದುಗಿದ್ದ ಚಿನ್ನಭರಿತ ಸಲ್ಫೈಡ್ ಅದಿರು ವಿದ್ಯುತ್ ಸಮೀಕ್ಷೆಯ ಸುಳಿವು ಹಿಡಿದು ಕೊರೆದಾಗ ಸಿಕ್ಕಿತು. ಅದಿರಿನ ಶಿಲೆ ಮಣ್ಣಿನಡಿ ಮುಚ್ಚಿಹೋಗಿದ್ದ ನೆಲದಲ್ಲಿ ಇದು ಸಾಧ್ಯವಾಯಿತೆಂಬುದು ನನಗೆ ಇಂದಿಗೂ ರೋಮಾಂಚನದ ವಿಷಯ.

ಪ್ರಶ್ನೆ: ನಮ್ಮ ತಂಡ ಕೆಲಸ ಮಾಡುವ ಪ್ರದೇಶದಲ್ಲಿ ಮೇಲೆ ಜಂಬಿಟ್ಟಿಗೆ, ಅದರ ಕೆಳಗೆ ದಪ್ಪನೆಯ ಜೇಡಿ, ಆಮೇಲೆ ಗಟ್ಟಿ ಶಿಲೆ. ಇಂತಹ ಕಡೆ ಭೂಭೌತಿಕ ಸಮೀಕ್ಷೆ ದುಡ್ಡು ದಂಡ ಎಂದು ಹಿರಿಯರೊಬ್ಬರು ಹೇಳಿದರು. ನಿಮ್ಮ ಅಭಿಪ್ರಾಯವೇನು?

ಉತ್ತರ: ದಂಡವಲ್ಲ. ಆದರೆ ಹಿರಿಯರ ಎಚ್ಚರಿಕೆಯಲ್ಲಿ ಹುರುಳಿದೆ. ಹುಡುಕುವ ವಸ್ತುವಿಗಿಂತ ಅದನ್ನು ಮುಚ್ಚಿರುವ ಹೊದಿಕೆಯೇ ಬಲವಾದ ಸಂಕೇತ ಕೊಡುವ ಸ್ಥಿತಿ ಇದು. ಶಿಥಿಲಗೊಂಡ ಈ ಹೊದಿಕೆ ಒಂದೊಂದು ವಿಧಾನವನ್ನು ಒಂದೊಂದು ರೀತಿಯಲ್ಲಿ ಕೆಡಿಸುತ್ತದೆ.

ಗುರುತ್ವವನ್ನೇ ತೆಗೆದುಕೊಂಡು ಲೆಕ್ಕ ಹಾಕಿ ನೋಡೋಣ. 25 ಮೀಟರ್ ತ್ರಿಜ್ಯದ ಗೋಳದಂತಹ ಸಲ್ಫೈಡ್ ಅದಿರಿನ ಮುದ್ದೆಯೊಂದರ ನಡುಬಿಂದು 60 ಮೀಟರ್ ಆಳದಲ್ಲಿದೆ, ಸುತ್ತಲಿನ ಶಿಲೆಗಿಂತ ಅದರ ಸಾಂದ್ರತೆ ಘನ ಸೆಂಟಿಮೀಟರಿಗೆ 1.5 ಗ್ರಾಂ ಹೆಚ್ಚು ಎಂದಿಟ್ಟುಕೊಳ್ಳಿ. ಅದು ಎರಡೂವರೆ ಲಕ್ಷ ಟನ್ನಿಗೂ ಮೀರಿದ ಅದಿರು. ಅದರ ನೆತ್ತಿಯ ಮೇಲೆ ಕಾಣುವ ಗುರುತ್ವದ ಏರಿಕೆ ಸುಮಾರು 0.18 ಮಿಲಿಗ್ಯಾಲ್ ಮಾತ್ರ; ಮಿಲಿಗ್ಯಾಲ್ ಎಂಬುದು ಗುರುತ್ವವನ್ನು ಅಳೆಯುವ ಸಣ್ಣ ಮಾನ. ಭೂಮಿಯ ಒಟ್ಟು ಗುರುತ್ವ ಸುಮಾರು 9,80,000 ಮಿಲಿಗ್ಯಾಲ್. ಈಗ ಅದೇ ಪ್ರದೇಶದಲ್ಲಿ ಒಂದು ಕಡೆಗಿಂತ ಇನ್ನೊಂದು ಕಡೆ ಜೇಡಿಯ ದಪ್ಪ 10 ಮೀಟರ್ ಹೆಚ್ಚಿದ್ದು, ಜೇಡಿಗೂ ತಳಶಿಲೆಗೂ ಸಾಂದ್ರತೆಯಲ್ಲಿ 0.7 ಗ್ರಾಂ ವ್ಯತ್ಯಾಸವಿದ್ದರೆ, ಆ ಬದಲಾವಣೆ ವಿಶಾಲವಾಗಿ ಹರಡಿರುವಲ್ಲಿ ಅದರಿಂದಾಗುವ ಪರಿಣಾಮ ಸುಮಾರು 0.29 ಮಿಲಿಗ್ಯಾಲ್. ತಳಶಿಲೆಯ ಉಬ್ಬುತಗ್ಗು ಅದಿರಿನ ಸಂಕೇತವನ್ನು ನುಂಗಿಹಾಕಬಲ್ಲದು, ಇಲ್ಲವೇ ಇಲ್ಲದ ಅದಿರನ್ನು ತೋರಿಸಬಲ್ಲದು. ಅಳತೆಬಿಂದುವಿನ ಎತ್ತರವನ್ನು 10 ಸೆಂಟಿಮೀಟರ್ ತಪ್ಪಾಗಿ ಬರೆದುಕೊಂಡರೂ ಸುಮಾರು 0.02 ಮಿಲಿಗ್ಯಾಲ್ ತಪ್ಪು ಸೇರಿಕೊಳ್ಳುತ್ತದೆ. ಹೀಗಾಗಿ ಗುರುತ್ವ ಸಮೀಕ್ಷೆಯಲ್ಲಿ ಗ್ರಾವಿಮೀಟರ್ ಹಿಡಿದವರಷ್ಟೇ ಎತ್ತರ ಅಳೆಯುವವರೂ ಮುಖ್ಯರು.

ಕಾಂತೀಯ ಅಳತೆಗೆ ತೊಡಕಾಗುವುದು ಜಂಬಿಟ್ಟಿಗೆ. ಅದರಲ್ಲಿ ಮ್ಯಾಗ್ಹೆಮೈಟ್ ಎಂಬ ಕಾಂತೀಯ ಖನಿಜದ ಹರಳುಗಳು ಸೇರಿಕೊಂಡಿದ್ದರೆ ಹೆಜ್ಜೆ ಹೆಜ್ಜೆಗೂ ಮೌಲ್ಯ ಕುಣಿಯುತ್ತದೆ. ಆದರೆ ಇಂತಹ ಗದ್ದಲದ ಆಕರ ನೆಲದ ಮೇಲ್ಭಾಗದಲ್ಲೇ ಇರುವುದರಿಂದ ಏರಿಳಿತಗಳು ಮೊನಚಾಗಿ, ಕಿರಿದಾಗಿ ಇರುತ್ತವೆ. ಆಳದ ಶಿಲೆಯಿಂದ ಬರುವವು ಅಗಲವಾಗಿ, ನಯವಾಗಿ ಇರುತ್ತವೆ. ಒಂದೊಂದು ಮೀಟರಿಗೆ ಅಳತೆ ತೆಗೆದುಕೊಂಡಿದ್ದರೆ ಇವೆರಡನ್ನು ಬೇರ್ಪಡಿಸಬಹುದು, ಇಪ್ಪತ್ತು ಮೀಟರಿಗೊಂದು ತೆಗೆದುಕೊಂಡಿದ್ದರೆ ಮುಂದೆ ಯಾವ ಗಣಿತವೂ ಅವನ್ನು ಬೇರೆ ಮಾಡಲಾರದು.

ವಿದ್ಯುತ್ ವಿಧಾನಗಳಲ್ಲಿ ಜೇಡಿಯೇ ಅಡ್ಡಿ. ವಿದ್ಯುತ್ತು ಸುಲಭದ ದಾರಿ ಹಿಡಿದು ಜೇಡಿಯಲ್ಲೇ ಹರಿದುಹೋಗಿ, ಕೆಳಗಿನ ಶಿಲೆಗೆ ಇಳಿಯುವುದು ಅಲ್ಪ. ವಿದ್ಯುತ್ಕಾಂತೀಯ ಅಲೆಗಳೂ ವಾಹಕ ನೆಲದಲ್ಲಿ ಬೇಗ ಸೊರಗುತ್ತವೆ: ಸೆಕೆಂಡಿಗೆ 1,000 ಆವರ್ತನಗಳ ಅಲೆಯು 1,000 ಓಮ್-ಮೀಟರ್ ರೋಧಶೀಲತೆಯ ಶಿಲೆಯಲ್ಲಿ ಸುಮಾರು 500 ಮೀಟರ್ ಸಾಗಿ ಮೂರನೇ ಒಂದರಷ್ಟಕ್ಕೆ ಕುಗ್ಗಿದರೆ, 10 ಓಮ್-ಮೀಟರ್ ಜೇಡಿಯಲ್ಲಿ 50 ಮೀಟರಿಗೇ ಅಷ್ಟು ಕುಗ್ಗುತ್ತದೆ. ಇದಕ್ಕೆ ಪರಿಹಾರವಿಲ್ಲದಿಲ್ಲ. ದೊಡ್ಡ ತಂತಿಯ ಚೌಕದಲ್ಲಿ ವಿದ್ಯುತ್ ಹರಿಸಿ, ನಿಲ್ಲಿಸಿ, ಆನಂತರದ ಮಿಲಿಸೆಕೆಂಡುಗಳಲ್ಲಿ ನೆಲದಿಂದ ಬರುವ ಮಾರ್ದನಿಯನ್ನು ಕಾದು ಕೇಳುವ ಕ್ರಮವಿದೆ. ಹೊದಿಕೆಯ ಮಾರ್ದನಿ ಬೇಗ ಅಡಗುತ್ತದೆ, ಒಳ್ಳೆಯ ವಾಹಕವಾದ ಅದಿರಿನದು ಬಹಳ ಹೊತ್ತು ಉಳಿಯುತ್ತದೆ; ತಡವಾಗಿ ಬಂದ ಸಂಕೇತವನ್ನೇ ಆರಿಸಿಕೊಂಡರೆ ಹೊದಿಕೆಯ ಕೆಳಗಿನದು ಗೋಚರವಾಗುತ್ತದೆ.

ಆದ್ದರಿಂದ ನನ್ನ ಸಲಹೆ, ಮೊದಲು ಹೊದಿಕೆಯನ್ನೇ ಅಳೆಯಿರಿ. ಕಂಪನದ ಅಲೆಗಳ ವಕ್ರೀಭವನದ ಸಮೀಕ್ಷೆ ಇದಕ್ಕೆ ತಕ್ಕದ್ದು. ಸುತ್ತಿಗೆಯಿಂದ ಲೋಹದ ಫಲಕಕ್ಕೆ ಹೊಡೆದು, ಸಾಲಾಗಿ ನೆಟ್ಟ ಜಿಯೋಫೋನುಗಳೆಂಬ ಕಂಪನ ಸಂವೇದಕಗಳಲ್ಲಿ ಅಲೆ ತಲುಪಿದ ಹೊತ್ತನ್ನು ದಾಖಲಿಸುತ್ತಾರೆ. ಒಣಮಣ್ಣಿನಲ್ಲಿ ಅಲೆ ಸೆಕೆಂಡಿಗೆ ಕೆಲವು ನೂರು ಮೀಟರ್ ಸಾಗಿದರೆ, ನೀರು ತುಂಬಿದ ಸಡಿಲ ಪದರದಲ್ಲಿ ಸುಮಾರು 1,500 ಮೀಟರ್, ಗಟ್ಟಿ ಗ್ರಾನೈಟಿನಲ್ಲಿ 5,000ದ ಆಸುಪಾಸು ಸಾಗುವುದರಿಂದ ತಳಶಿಲೆಯ ಮಟ್ಟ ಚೆನ್ನಾಗಿ ತಿಳಿಯುತ್ತದೆ. ಆ ಮಟ್ಟವನ್ನು ಗುರುತ್ವದ ಲೆಕ್ಕಕ್ಕೆ ಸೇರಿಸಿ ಕಳೆದ ಮೇಲೆ ಉಳಿಯುವ ವೈಪರೀತ್ಯಕ್ಕೆ ಬೆಲೆ ಬರುತ್ತದೆ. ಬಾಕ್ಸೈಟ್, ಜಂಬಿಟ್ಟಿಗೆಯೊಳಗಿನ ನಿಕ್ಕಲ್, ಹಳೆಯ ನದೀಪಾತ್ರಗಳ ಜಲ್ಲಿಯಲ್ಲಿನ ಚಿನ್ನ ಮತ್ತು ತವರ ಇವುಗಳ ವಿಷಯದಲ್ಲಂತೂ ಆ ಹೊದಿಕೆಯೇ ಅದಿರಿನ ಮನೆ. ಅಲ್ಲಿ ಅದನ್ನು ಅಳೆಯುವುದೇ ಅನ್ವೇಷಣೆ.

ಪ್ರಶ್ನೆ: ನೆಲಭೇದಿ ರೇಡಾರ್ ನೂರು ಮೀಟರ್ ಆಳದವರೆಗೆ ಚಿತ್ರ ತೆಗೆಯುತ್ತದೆ ಎಂಬ ಜಾಹೀರಾತು ನೋಡಿದೆ. ನಂಬಬಹುದೇ?

ಉತ್ತರ: ಸಾಮಾನ್ಯ ನೆಲದಲ್ಲಿ ನಂಬಲಾಗದು. ತೇವದ ಜೇಡಿಯಲ್ಲಿ ರೇಡಾರ್ ಅಲೆ ಒಂದೆರಡು ಮೀಟರಿಗೇ ಸತ್ತುಹೋಗುತ್ತದೆ. ಒಣಮರಳು, ಬಿರುಕಿಲ್ಲದ ಗ್ರಾನೈಟ್ ಇಂತಹ ಕಡೆ ಕೆಲವು ಹತ್ತು ಮೀಟರ್ ಸಿಗಬಹುದು; ಹಿಮಗಡ್ಡೆಯಲ್ಲಿ ಅದಕ್ಕೂ ಬಹಳ ಹೆಚ್ಚು. ಜಲ್ಲಿಯ ತಳ, ಜಂಬಿಟ್ಟಿಗೆಯ ತಳ, ಕಟ್ಟಡಕ್ಕೆ ತೆಗೆಯುವ ಕಲ್ಲಿನೊಳಗಿನ ಬಿರುಕು ಇಂತಹ ಕೆಲಸಗಳಿಗೆ ಅದು ನಿಜಕ್ಕೂ ಒಳ್ಳೆಯ ಸಾಧನ. ಮಣ್ಣಿನ ರೋಧಶೀಲತೆಯನ್ನು ಕೇಳದೆಯೇ ಆಳದ ಭರವಸೆ ಕೊಡುವವರಿಂದ ದೂರವಿರಿ.

ಪ್ರಶ್ನೆ: ಸಮೀಕ್ಷೆ ಮಾಡಿದವರು ನಮಗೆ ಬಣ್ಣಬಣ್ಣದ ಸೀಳುಚಿತ್ರ ಕೊಟ್ಟಿದ್ದಾರೆ. ಅದರಲ್ಲಿ 80 ಮೀಟರ್ ಆಳದಲ್ಲಿ ಕೆಂಪು ಮುದ್ದೆಯೊಂದಿದೆ. ಅಲ್ಲಿಗೇ ಕೊರೆಯಬೇಕೆಂದು ಹೇಳುತ್ತಿದ್ದಾರೆ. ಕೊರೆಯುವ ಮೊದಲು ನಾವು ಏನು ಕೇಳಬೇಕು?

ಉತ್ತರ: ಆ ಚಿತ್ರ ನೆಲದ ಫೋಟೋ ಅಲ್ಲ. ಮೇಲ್ಮೈಯಲ್ಲಿ ತೆಗೆದ ಅಳತೆಗಳಿಗೆ ಹೊಂದುವಂತಹ ಒಂದು ಮಾದರಿಯನ್ನು ಕಂಪ್ಯೂಟರ್ ಲೆಕ್ಕ ಹಾಕಿ ಬರೆದಿದೆ. ಇನ್ವರ್ಷನ್ ಎನ್ನುವುದು ಇದನ್ನೇ. ತೊಡಕೆಂದರೆ, ಒಂದೇ ಅಳತೆಗೆ ಹೊಂದುವ ಮಾದರಿಗಳು ಅಸಂಖ್ಯ. ಮೇಲಿನ ಗುರುತ್ವದ ಉದಾಹರಣೆಯಲ್ಲಿನ ಗೋಳದ ತ್ರಿಜ್ಯವನ್ನು ಕುಗ್ಗಿಸಿ, ಅಷ್ಟೇ ಹೆಚ್ಚುವರಿ ತೂಕ ಬರುವಂತೆ ಸಾಂದ್ರತೆಯನ್ನು ಏರಿಸಿದರೆ ಮೇಲೆ ಸಿಗುವ ಅಳತೆ ಒಂದಿನಿತೂ ಬದಲಾಗುವುದಿಲ್ಲ. ಹೀಗಿರುವಾಗ ತಂತ್ರಾಂಶವು ಅತ್ಯಂತ ನಯವಾದ ಮಾದರಿಯನ್ನು ಆರಿಸಿಕೊಳ್ಳುತ್ತದೆ. ಆದ್ದರಿಂದ ನೆಟ್ಟಗೆ ನಿಂತ ತೆಳು ಅದಿರಿನ ಹಾಳೆಯೂ ಚಿತ್ರದಲ್ಲಿ ದುಂಡನೆಯ ಮುದ್ದೆಯಾಗಿ ಕಾಣಬಹುದು.

ಮೊದಲು ಕಚ್ಚಾ ಅಳತೆಗಳನ್ನು ಕೇಳಿ ಪಡೆಯಿರಿ, ಚಿತ್ರವನ್ನಷ್ಟೇ ಅಲ್ಲ. ಎಲೆಕ್ಟ್ರೋಡುಗಳ ಒಟ್ಟು ಹರವು ಎಷ್ಟಿತ್ತೆಂದು ವಿಚಾರಿಸಿ: ಸಾಮಾನ್ಯವಾದ ನಾಲ್ಕು ಎಲೆಕ್ಟ್ರೋಡುಗಳ ಜೋಡಣೆಗಳಲ್ಲಿ ನಂಬಬಹುದಾದ ಆಳ ಆ ಹರವಿನ ಐದನೆಯ ಅಥವಾ ಆರನೆಯ ಒಂದು ಭಾಗ. ಹರವು 250 ಮೀಟರ್ ಮಾತ್ರವಿದ್ದರೆ 80 ಮೀಟರಿನ ಕೆಂಪು ಮುದ್ದೆ ಅಳತೆಯಿಂದ ಬಂದದ್ದಲ್ಲ, ತಂತ್ರಾಂಶದ ಊಹೆಯಿಂದ ಬಂದದ್ದು. ಬಣ್ಣದ ಪಟ್ಟಿಯ ಎರಡು ತುದಿಗಳ ಸಂಖ್ಯೆಗಳನ್ನು ಓದಿ. ಕೆಂಪಿಗೂ ನೀಲಿಗೂ ನಡುವೆ ಅತ್ಯಲ್ಪ ವ್ಯತ್ಯಾಸವಿರುವ ಚಿತ್ರವೂ ಕಣ್ಣಿಗೆ ಭಯಂಕರವಾಗಿ ಕಾಣಿಸಬಹುದು. ಬೇರೆ ಆರಂಭಿಕ ಮಾದರಿಯಿಂದ ಲೆಕ್ಕ ಹಾಕಿಸಿದಾಗಲೂ ಆ ಮುದ್ದೆ ಅಲ್ಲಿಯೇ ಉಳಿಯುತ್ತದೆಯೇ, ಪಕ್ಕದ ಸಾಲಿನಲ್ಲೂ ಕಾಣುತ್ತದೆಯೇ, ಮೇಲ್ಮೈಯ ಮಣ್ಣಿನ ರಾಸಾಯನಿಕ ಪರೀಕ್ಷೆಯಲ್ಲಿ ಅದಕ್ಕೆ ಹೊಂದುವ ಸುಳಿವಿದೆಯೇ ಎಂದು ಕೇಳಿ. ಇವಕ್ಕೆಲ್ಲ ಸಮಾಧಾನಕರ ಉತ್ತರ ಸಿಕ್ಕಿದ ಮೇಲೆ, ಪದರ ವಾಲಿರುವ ದಿಕ್ಕನ್ನು ಭೂವಿಜ್ಞಾನಿಯಿಂದ ತಿಳಿದುಕೊಂಡು, ಅದನ್ನು ಅಡ್ಡ ಹಾಯುವಂತೆ ಓರೆಯಾಗಿ ಕೊರೆಯಿರಿ. ಪದರ ವಾಲಿದ ದಿಕ್ಕಿಗೇ ಕೊರೆದರೆ ಅದಿರಿನ ಪಕ್ಕದಲ್ಲೇ ಇಳಿದು ಏನೂ ಸಿಗದೆ ಹೋಗಬಹುದು.

ಎಷ್ಟು ಎಚ್ಚರ ವಹಿಸಿದರೂ ಕೊನೆಯ ಮಾತು ಕೊರೆತದ್ದೇ. ದಕ್ಷಿಣ ಆಸ್ಟ್ರೇಲಿಯಾದ ಒಲಿಂಪಿಕ್ ಡ್ಯಾಮ್ ನಿಕ್ಷೇಪವನ್ನು 1975ರಲ್ಲಿ ಕೊರೆದದ್ದು ಗುರುತ್ವ ಮತ್ತು ಕಾಂತೀಯ ವೈಪರೀತ್ಯಗಳೆರಡೂ ಒಂದೇ ಜಾಗದಲ್ಲಿ ಬಿದ್ದಿದ್ದವೆಂಬ ಕಾರಣಕ್ಕೆ. ಅಲ್ಲಿ ಹುಡುಕುತ್ತಿದ್ದದ್ದು ಆಳದ ಬಸಾಲ್ಟಿನಿಂದ ತಾಮ್ರ ಪಡೆದ ಪದರಶಿಲೆಯ ಅದಿರನ್ನು. 300 ಮೀಟರಿಗೂ ಹೆಚ್ಚಿನ ಬರಡು ಪದರಗಳ ಕೆಳಗೆ ಸಿಕ್ಕಿದ್ದು ಹೆಮಟೈಟ್ ತುಂಬಿದ, ತಾಮ್ರ, ಯುರೇನಿಯಂ, ಚಿನ್ನ ಮೂರೂ ಇರುವ ಒಡಕು ಶಿಲೆ. ವೈಪರೀತ್ಯ ನಿಜವಾಗಿತ್ತು, ಅದರ ವ್ಯಾಖ್ಯಾನ ಬೇರೆಯಾಗಿತ್ತು. ಕೆನಡಾದ ಟಿಮ್ಮಿನ್ಸ್ ಬಳಿಯ ಕಿಡ್ ಕ್ರೀಕ್‌ನಲ್ಲಿ ವಿಮಾನದಿಂದ ನಡೆಸಿದ ವಿದ್ಯುತ್ಕಾಂತೀಯ ಸಮೀಕ್ಷೆ ನೂರಾರು ವೈಪರೀತ್ಯಗಳನ್ನು ಕೊಟ್ಟಿತ್ತು. ಅವುಗಳಲ್ಲಿ ಒಂದನ್ನು ನೆಲದ ಮೇಲೆ ಮತ್ತೆ ಅಳೆದು ದೃಢಪಡಿಸಿಕೊಂಡು 1963ರ ನವೆಂಬರಿನಲ್ಲಿ ಕೊರೆದಾಗ ಮೊದಲ ರಂಧ್ರದಲ್ಲೇ ತಾಮ್ರ ಮತ್ತು ಸತುವಿನ ಸಮೃದ್ಧ ಅದಿರು ಸಿಕ್ಕಿತು. ನೂರಾರರಲ್ಲಿ ಒಂದು ಎಂಬುದನ್ನು ಗಮನಿಸಿ. ನಿಮ್ಮ ಕೆಂಪು ಮುದ್ದೆಯನ್ನು ಕೊರೆದು ಬರಡು ಶಿಲೆ ಸಿಕ್ಕರೆ, ಆ ಕೋರನ್ನು ಎಸೆಯದೆ ಅದರ ರೋಧಶೀಲತೆ, ಸಾಂದ್ರತೆ, ಕಾಂತಗುಣಗಳನ್ನು ಅಳೆದು ವೈಪರೀತ್ಯಕ್ಕೆ ಕಾರಣ ಸಿಕ್ಕಿತೇ ಎಂದು ನೋಡಿ. ಸಿಗದಿದ್ದರೆ ಆಕರ ಇನ್ನೂ ಅಲ್ಲೇ ಪಕ್ಕದಲ್ಲಿದೆ. ಅದೇ ರಂಧ್ರದೊಳಗೆ ಸಂವೇದಕವನ್ನು ಇಳಿಸಿ ಅದು ಯಾವ ಕಡೆಗಿದೆ ಎಂದು ಪತ್ತೆ ಮಾಡುವ ವಿಧಾನಗಳಿವೆ.

ಪ್ರಶ್ನೆ: ನಮ್ಮ ಜಮೀನಿನಲ್ಲಿ ವಿದ್ಯುತ್ ಹರಿಸಿ ಸಮೀಕ್ಷೆ ಮಾಡಲು ಅನುಮತಿ ಕೇಳಿದ್ದಾರೆ. ಬೆಳೆಗೆ, ದನಕರುಗಳಿಗೆ, ಅಂತರ್ಜಲಕ್ಕೆ ಅಪಾಯವಿದೆಯೇ?

ಉತ್ತರ: ಮಣ್ಣಿಗೂ ಅಂತರ್ಜಲಕ್ಕೂ ಅಪಾಯವಿಲ್ಲ. ಮೊಣಕೈ ಉದ್ದದ ಉಕ್ಕಿನ ಕಂಬಿಗಳನ್ನು ನೆಲಕ್ಕೆ ಬಡಿದು, ನೆಲ ಒಣಗಿದ್ದರೆ ಅವುಗಳ ಬುಡಕ್ಕೆ ಉಪ್ಪುನೀರು ಸುರಿದು, ಕೆಲಸ ಮುಗಿದ ಮೇಲೆ ಕಿತ್ತುಕೊಂಡು ಹೋಗುತ್ತಾರೆ. ಬೆಳೆಯ ನಡುವೆ ಓಡಾಡುವುದರಿಂದ ಆಗುವ ತುಳಿತವೇ ಹೆಚ್ಚಿನ ಹಾನಿ. ಅದನ್ನು ಮೊದಲೇ ಮಾತನಾಡಿಕೊಳ್ಳುವುದು, ಸಾಧ್ಯವಾದರೆ ಕೊಯ್ಲಿನ ನಂತರದ ದಿನಗಳನ್ನು ಗೊತ್ತುಪಡಿಸುವುದು ಒಳ್ಳೆಯದು. ಆದರೆ ವಿದ್ಯುತ್ ಹರಿಯುವ ಹೊತ್ತಿನಲ್ಲಿ ಆ ಕಂಬಿಗಳಲ್ಲಿ ನೂರಾರು ವೋಲ್ಟ್, ದೊಡ್ಡ ಐ.ಪಿ. ಸಮೀಕ್ಷೆಗಳಲ್ಲಿ ಸಾವಿರಕ್ಕೂ ಮೀರಿದ ವೋಲ್ಟೇಜ್ ಇರುತ್ತದೆ. ಅದು ಮನುಷ್ಯರನ್ನೂ ಜಾನುವಾರುಗಳನ್ನೂ ಕೊಲ್ಲಬಲ್ಲದು. ವಿದ್ಯುತ್ ಹರಿಸುವ ಪ್ರತಿಯೊಂದು ಕಂಬಿಯ ಬಳಿ ಎಚ್ಚರಿಕೆಯ ಫಲಕ ಮತ್ತು ಒಬ್ಬ ಕಾವಲಿನವರು ಇರಬೇಕು, ಅವರಿಗೂ ಯಂತ್ರ ನಡೆಸುವವರಿಗೂ ರೇಡಿಯೋ ಸಂಪರ್ಕವಿರಬೇಕು, ಆ ದಿನ ದನಕರುಗಳನ್ನು ಆ ಕಡೆ ಬಿಡಬಾರದು, ಮಕ್ಕಳು ತಂತಿಯನ್ನು ಮುಟ್ಟದಂತೆ ನೋಡಿಕೊಳ್ಳಬೇಕು. ಈ ಏರ್ಪಾಡುಗಳನ್ನು ಬರಹದಲ್ಲಿ ಕೊಡಿ ಎಂದು ಕೇಳುವ ಹಕ್ಕು ನಿಮಗಿದೆ. ಅದರ ಜೊತೆಗೆ ನಿಮ್ಮ ಜಮೀನಿನಲ್ಲಿ ತೆಗೆದ ಅಳತೆಗಳ ಒಂದು ಪ್ರತಿಯನ್ನೂ ಕೇಳಿ ನೋಡಿ. ತಳಶಿಲೆಯ ಆಳ ಮತ್ತು ನೀರಿರುವ ಪದರದ ಸುಳಿವು ಅದೇ ಅಳತೆಗಳಲ್ಲಿ ಇರುವುದರಿಂದ, ಮುಂದೆ ಕೊಳವೆಬಾವಿ ಕೊರೆಸುವಾಗ ಅದು ನಿಮ್ಮ ಕೆಲಸಕ್ಕೆ ಬರಬಹುದು.